ಕಾರವಾರದ ಕಡಲಲ್ಲಿ ಜುಟ್ಟು ಹಿಡಿದದ್ದು

ಕಾರವಾರ, ಭಾನುವಾರ

ಮಾವಾ,

ಸ್ಪರ್ಧೆಯ ಈಜು, ಸೈಕಲ್, ಓಟ ಮೂರೂ ಮುಗಿಸಿದೆ, ಎಲ್ಲರಿಗಿಂತ ಕಡೆಗೆ. ಬಸ್ಸಿಗೆ ಕಾಯುತ್ತಾ ಬರೆಯುತ್ತಿದ್ದೇನೆ. ಸಮುದ್ರದಲ್ಲಿ ಜೊತೆ ಸ್ಪರ್ಧಿಯೊಬ್ಬರು ಅಂಗಾತ ತೇಲುತ್ತಿದ್ದರು. ಮುಳುಗುವವರ ಕೈ ಹಿಡಿಯಬೇಡ, ಜುಟ್ಟು ಹಿಡಿ ಎಂದು ಗುರುಪುರದ ನಾಲೆಯಲ್ಲಿ ನೀವೇ ಕಲಿಸಿದ್ದಿರಲ್ಲ? ಅವರ ಈಜುಟೋಪಿ ಕಿತ್ತು ಜುಟ್ಟು ಹಿಡಿದೆ. "ಎದ್ರುಕೋಬ್ಯಾಡ ಕಣಣ್ಣೋ, ಇಡ್ಕಂಡಿವ್ನಿ!" ಎಂದು ಕೂಗುತ್ತಾ ದಡಕ್ಕೆ ಎಳೆದು ತಂದೆ.

"ಸುಸ್ತಾಗಿ ಮಲಗಿದ್ದೆನಮ್ಮಾ!" ಎಂದು ಬೈದು ಅವರು ಮತ್ತೆ ನೀರಿಗಿಳಿದರು.

ಗಂಟಲು ಉಪ್ಪಿಗೆ ಉರಿಯುತ್ತಿದೆ, ಬೇರೇನಿಲ್ಲ. ಮುಂದಿನದನ್ನು ಅಮ್ಮನಿಗೆ ಓದಿ ಹೇಳಬೇಡಿ. ಬಿಟ್ಟ ಜಾಗಕ್ಕೆ ವಾಪಸ್ ಈಜುವಾಗ ಉಸಿರು ಸಿಗದೆ ನಾನೂ ಅಂಗಾತ ಬಿದ್ದುಕೊಂಡೆ. ಎಷ್ಟೋ ಜನ ಪಕ್ಕದಲ್ಲೇ ಈಜಿಕೊಂಡು ಹೋದರು. ನನ್ನ ಜುಟ್ಟಿಗೆ ಒಬ್ಬರೂ ಕೈ ಹಾಕಲಿಲ್ಲ, ಮಾವ!

ಬಸ್ಸು ಬಂತು.

ಪದ್ಮಶ್ರೀ