ಭುಜದ ಮೇಲಿನ ಕೈ

ಆದೋನಿ
24 ನವೆಂಬರ್ 2024, ಭಾನುವಾರ

ಪ್ರೀತಿಯ ಗಂಗೋತ್ರಿ,

ಪತ್ತಿಕೊಂಡದಲ್ಲಿ ಹೇಗಿದ್ದೀ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀ ತಾನೆ? ನೀನು ದೀಪಾವಳಿ ಮುಗಿಸಿ ಹೋಗಿ ಮೂರು ವಾರವಾಯಿತು. ಅಂದೇ ಬರೆಯಬೇಕಿತ್ತು, ಬರೆಯಲಾಗಲಿಲ್ಲ. ಫೋನು ಮಾಡಿದರೆ ‘ಹ್ಞೂಂ’, ‘ಇಲ್ಲ’ ಎಂಬ ಎರಡೇ ಮಾತಿನಲ್ಲಿ ಮುಗಿಸುತ್ತೀ. ಕಾಗದವನ್ನಾದರೆ ನಡುವೆ ಕಟ್ ಮಾಡಲು ಬರುವುದಿಲ್ಲವೆಂದು ಇದನ್ನು ಬರೆಯುತ್ತಿದ್ದೇನೆ. ಸಾಲುಗಳು ಸೊಟ್ಟಗೆ ಹೋಗಿದ್ದರೆ ಅದಕ್ಕೊಂದು ಕಾರಣವಿದೆ, ಹೇಳುತ್ತೇನೆ.

ನಿನ್ನ ಅಪ್ಪನಿಗೆ ಹತ್ತಿಯ ಸುಗ್ಗಿ. ಸಂಜೆ ಹುಬ್ಬಿಗೆಲ್ಲ ಅರಳೆ ಮೆತ್ತಿಸಿಕೊಂಡು ಬರುತ್ತಾರೆ. ನೀನು ಕಳಿಸಿದ ಮೆಸೇಜನ್ನು ಅವರು ನನಗೆ ತೋರಿಸಿದರು. ಮೂವತ್ತಕ್ಕೆ ಪತ್ತಿಕೊಂಡದ ಕಣ್ಣಿನ ಕ್ಯಾಂಪಿನ ಪೋಸ್ಟಿಂಗ್ ಮುಗಿಯುತ್ತದೆ, ಡಿಸೆಂಬರ್ ಎರಡು ಸೋಮವಾರ ಆಪರೇಷನ್ ಥಿಯೇಟರಿಗೆ ಹೋಗುವ ಬದಲು ಆಫೀಸಿಗೆ ಹೋಗಿ ಪಿ.ಜಿ. ಸೀಟು ಬಿಡುವ ಪತ್ರ ಕೊಡುತ್ತೇನೆ ಎಂದು ಬರೆದಿದ್ದೀ. ಅಪ್ಪ ಅದನ್ನು ಎರಡು ಸಲ ಓದಿ, “ಬ್ಯಾಡಾದ್ರ ಬಿಡ್ಲಿ ಬಿಡು. ಮಗಳು ನಕ್ಕೊಂತ ಇದ್ರ ಸಾಕು” ಅಂದರು. ನನ್ನಲ್ಲಿ ಇದ್ದದ್ದು ಒಂದು ಪ್ರಶ್ನೆ ಮಾತ್ರ.

ಹಬ್ಬದ ದಿನ ಅಡುಗೆಮನೆಯಲ್ಲಿ ನಿಂತು ನೀನು ಒಂದು ಮಾತು ಹೇಳಿದೆ. “ಮೇಡಂ ಭುಜದ ಮ್ಯಾಲ ಕೈ ಇಟ್ರು ಅಮ್ಮ. ನಾ ಏಳಲಿಲ್ಲ.” ಮದ್ದಿಕೇರದ ಗೋವಿಂದಪ್ಪ ಎಂಬವರ ಪೊರೆ ತೆಗೆಯುವಾಗ ನಿನ್ನ ಕೈಯಲ್ಲಿ ಅದರ ಹಿಂದಿನ ತೆಳು ಪದರ ಹರಿಯಿತು, ಪೊರೆ ಒಳಕ್ಕೆ ಮುಳುಗಿತು, ದೊಡ್ಡ ಡಾಕ್ಟರು ಎರಡನೇ ಆಪರೇಷನ್ ಮಾಡಿದರೂ ಆ ಕಣ್ಣಿಗೆ ದೃಷ್ಟಿ ಬರಲಿಲ್ಲ. ಇಷ್ಟು ನನಗೆ ಅರ್ಥವಾಗಿತ್ತು. ಆದರೆ ಭುಜ ಮುಟ್ಟಿದರೆ ಏಕೆ ಏಳಬೇಕು? ಎದ್ದರೆ ಏನಾಗುತ್ತದೆ? ನೀನು ಊರು ಬಿಟ್ಟ ಮೇಲೂ ಅದು ನನ್ನನ್ನು ಕೊರೆಯುತ್ತಲೇ ಇತ್ತು.

ಇನ್ನು ಸಾಲು ಸೊಟ್ಟಗಾದ ಕಾರಣ ಹೇಳಿಬಿಡುತ್ತೇನೆ. ಉಬ್ಬಸದ ಮಾತ್ರೆಗಳಿಂದ ನನ್ನ ಬಲಗಣ್ಣಿಗೆ ಪೊರೆ ಬಂದಿದೆಯೆಂದು ಬೇಸಿಗೆಯಲ್ಲಿ ನೀನೇ ಕಂಡುಹಿಡಿದಿದ್ದೆಯಲ್ಲ, ಅದನ್ನು ತೆಗೆಸಿಕೊಂಡೆ. ಅಪ್ಪ ಹೈದರಾಬಾದಿನಲ್ಲಿ ಗೊತ್ತು ಮಾಡಿದ್ದರು, ನಾನು ಒಪ್ಪಲಿಲ್ಲ. ಹನ್ನೆರಡನೇ ತಾರೀಖು ಕರ್ನೂಲಿಗೆ, ನಿನ್ನ ಆಸ್ಪತ್ರೆಗೇ ಹೋದೆ. ನೀನು ಅಲ್ಲಿ ಇರುವುದಿಲ್ಲವೆಂದು ಗೊತ್ತಿದ್ದೇ ಹೋದೆ.

“ಕಲಿಯೋ ಹುಡುಗ್ರ ಕೈಯಾಗ ಕಣ್ಣು ಕೊಡ್ತೀ? ಎಂ.ಎ. ಓದಿದ್ದು ನೆತ್ತಿಗೇರೈತಿ ನಿನಗ” ಎಂದು ನಿನ್ನ ಅಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈದರು. ಬೈಯುತ್ತಲೇ ನನ್ನ ಚೀಲ ಹೊತ್ತು ಬಂದರು.

ಒಪ್ಪಿಗೆಯ ಕಾಗದದಲ್ಲಿ, ಕಲಿಯುತ್ತಿರುವ ವೈದ್ಯರು ಹಿರಿಯರ ಕಣ್ಗಾವಲಿನಲ್ಲಿ ಮಾಡುತ್ತಾರೆ ಎಂದು ಬರೆದಿತ್ತು. ಓದಿ ಸಹಿ ಹಾಕಿದೆ. ಬಲ ಹುಬ್ಬಿನ ಮೇಲೆ ಒಂದು ಸ್ಟಿಕರ್ ಅಂಟಿಸಿ ಬೆಂಚಿನ ಮೇಲೆ ಕೂರಿಸಿದರು. ಪಕ್ಕದಲ್ಲಿ ಎಮ್ಮಿಗನೂರಿನ ದಸ್ತಗಿರಮ್ಮ, ಮಗ್ಗದ ಕೆಲಸದವರು. ಹರಿದ ಎಳೆಯ ತುದಿ ಕಾಣದೆ ಹೋದ ಮೇಲೆ ಬಂದವರಂತೆ. ನನ್ನ ಕಣ್ಣು ಮಾಡಬೇಕಾದ ಹುಡುಗ ಬಂದ. ಭರತ್ ಅಂತ, ಗುಂಟೂರಿನ ಕಡೆಯವನು, ನಿನ್ನ ಜೂನಿಯರ್ ಇರಬೇಕು.

“ಎಷ್ಟು ಮಾಡೀಯಪ್ಪಾ ಇಲ್ಲೀತನ?” ಅಂದೆ.

ಅವನು ಸುಳ್ಳು ಹೇಳಲಿಲ್ಲ. “ಮೇಕೆ ಕಣ್ಣು ಅರವತ್ತು ಅಮ್ಮಾ. ಮನುಷ್ಯರದು ನಾಲ್ಕು.”

“ಯಾವ ಮ್ಯಾಕಿನಾದ್ರೂ ತಿರುಗಿ ಬಂದು ಜಗಳಾ ತಗದೈತೇನು?” ಎಂದು ದಸ್ತಗಿರಮ್ಮ ಕೇಳಿದರು. ಹುಡುಗ ನಕ್ಕ. ಅವನ ಹೆಗಲು ಸ್ವಲ್ಪ ಇಳಿಯಿತು. ಅಲ್ಲಿಯತನಕ ಹೆದರಿದವಳು ನಾನೊಬ್ಬಳೇ ಅಂದುಕೊಂಡಿದ್ದೆ.

ಕಾಲೇಜಿನಲ್ಲಿ ಕಣ್ಣಿನ ಮೇಲೆ ಎಷ್ಟೊಂದು ಪದ್ಯ ಓದಿದೆ, ಗಂಗೂ. ಬರೆದವರೆಲ್ಲ ಕಣ್ಣನ್ನು ಹೊರಗಿನಿಂದ ನೋಡಿದವರೇ. ಒಳಗಿನಿಂದ ಅದು ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ಮುಖಕ್ಕೆ ಬಟ್ಟೆ ಹೊದಿಸಿದರು. ದೀಪವೊಂದು ಹಾಲಿನಲ್ಲಿ ಕರಗಿದ ಹಾಗೆ ಮೇಲೆ ನಿಂತಿತು. ನೋವಿರಲಿಲ್ಲ. ನೀಲಿ ಬಂತು, ಗುಲಾಬಿ ಬಂತು, ಏನೋ ಒಂದು ಕಪ್ಪು ಗೆರೆ ಅಡ್ಡ ಹೋಯಿತು. ಇದೇನು, ಅದೇನು ಎಂದು ಕೇಳಬೇಕೆನಿಸುತ್ತಿತ್ತು, ಆದರೆ ಮಾತಾಡಬಾರದೆಂದಿದ್ದರು. ಹಾಗಾಗಿ ಕಿವಿಯನ್ನೇ ನೆಚ್ಚಿಕೊಂಡೆ. ಹುಡುಗನ ಉಸಿರು, ಸ್ಟೂಲಿನ ಚಕ್ರ, ಬಾಗಿಲಲ್ಲಿ ಯಾರದೋ ಚಪ್ಪಲಿ. ನಿಮಗೆಲ್ಲ ಕಲಿಸುವ ಶ್ರಾವಣಿ ಮೇಡಂ ಅವನ ಬೆನ್ನ ಹಿಂದೆ ನಿಂತಿದ್ದರು. ಅವರು ತಪ್ಪು ಅನ್ನುತ್ತಿರಲಿಲ್ಲ, ಹುಷಾರು ಅನ್ನುತ್ತಿರಲಿಲ್ಲ. ಮಲಗಿದವರು ಎಚ್ಚರವಾಗಿರುತ್ತಾರಲ್ಲ, ಅವರ ಕಿವಿಗೆ ಅಂಥ ಮಾತು ಬೀಳಬಾರದು.

ಒಂದು ಹಂತದಲ್ಲಿ ಹುಡುಗನ ಉಸಿರು ನಿಂತಿತು. ಅವನ ಗೌನಿನ ಭುಜದ ಮೇಲೆ ಕೈಗವಸು ಒತ್ತಿದ ಮೆತ್ತನೆಯ ಸದ್ದು. ಸ್ಟೂಲಿನ ಚಕ್ರ ಹಿಂದಕ್ಕೆ ಸರಿಯಿತು, ಇನ್ನೊಬ್ಬರು ಕೂತರು. ಆ ಕ್ಷಣ ನಿನ್ನ ಮಾತು ನನಗೆ ಅರ್ಥವಾಯಿತು. ಭುಜ ಮುಟ್ಟಿದರೆ ಕೈಯಲ್ಲಿರುವುದನ್ನು ಬಿಟ್ಟು ಏಳಬೇಕು. ಇನ್ನೊಂದೇ ಕ್ಷಣ, ನಾನೇ ಸರಿಮಾಡುತ್ತೇನೆ ಎನ್ನಬಾರದು. ನೀನು ಆ ಒಂದು ಕ್ಷಣ ಕೂತೆ.

ನಾನು ತಡೆಯಲಾರದೆ ಬಟ್ಟೆಯೊಳಗಿನಿಂದಲೇ, “ಎದ್ಯೇನಪ್ಪಾ?” ಅಂದೆ.

“ಕದಲಕಂಡಿ ಅಮ್ಮಾ! ಅಲ್ಲಾಡಬೇಡಿ” ಎಂದು ಮೇಡಂ ಗದರಿದರು.

ನಾಲ್ಕೈದು ನಿಮಿಷ ಆಗಿರಬೇಕು. ಆಮೇಲೆ ನಾನು ಎಣಿಸದೇ ಇದ್ದದ್ದು ನಡೆಯಿತು. ಮೇಡಂ ಎದ್ದರು. “ಕೂರ್ಚೋ ಭರತ್” ಅಂದರು. ಎಬ್ಬಿಸಿದ ಹುಡುಗನನ್ನು ಅದೇ ಕಣ್ಣಿನ ಮುಂದೆ, ಅದೇ ಸ್ಟೂಲಿನ ಮೇಲೆ ಮತ್ತೆ ಕೂರಿಸಿದರು. ಅವನು ನನ್ನ ಹಣೆಯ ಮೇಲೆ ಕೈ ಊರಿ ಕೆಲಸ ಮುಂದುವರಿಸಿದ. ಹೊಸ ಲೆನ್ಸ್ ಇಟ್ಟವನು ಅವನೇ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಮೇಡಂ ಚೀಟಿಯಲ್ಲಿದ್ದ ವಿಳಾಸ ಓದಿ ನನ್ನ ಮುಖ ನೋಡಿದರು. “ಗಂಗೋತ್ರಿ ಅಮ್ಮನಾ ನೀವು? ಮೊದಲೇ ಹೇಳೋದಲ್ವಾ!”

“ಹೇಳಿದ್ದರೆ ನೀವೇ ಕೂರುತ್ತಿದ್ದಿರಿ” ಅಂದೆ.

ಅವರಿಗೆ ಸಿಟ್ಟು ಬಂದಿತ್ತು. ಸ್ವಲ್ಪ ಹೊತ್ತು ಕಣ್ಣಿಗೆ ದೀಪ ಹಿಡಿದು ನೋಡಿ, ಆಮೇಲೆ ಹೇಳಿದರು: “ನಿಮ್ಮ ಹುಡುಗಿ ಆ ವಾರ ಮೂರು ಸಲ ಎದ್ದಿದ್ದಳು, ಜೂನಿಯರ್‌ಗಳ ಎದುರಿಗೆ. ನಾಲ್ಕನೆಯ ಸಲ ಏಳಲಿಲ್ಲ. ಅದು ತಪ್ಪೇ, ತಪ್ಪಲ್ಲ ಅಂತ ನಾನು ಹೇಳೋದಿಲ್ಲ. ಆದರೆ ಆಮೇಲೆ ಅವಳನ್ನ ಮತ್ತೆ ಕೂರಿಸಬೇಕಿತ್ತು. ನಾನು ಕರೆಯೋ ಹೊತ್ತಿಗೆ ಕ್ಯಾಂಪಿಗೆ ಹಾಕಿಸಿಕೊಂಡು ಹೋಗಿದ್ದಳು. ಕ್ಯಾಂಪ್ ಮುಗಿಸಿ ಬರೋ ಸೋಮವಾರ, ಡಿಸೆಂಬರ್ ಎರಡರ ಮೊದಲನೇ ಕೇಸಿಗೆ ಅವಳ ಹೆಸರು ಬರೆದಿದೀನಿ.”

ಇನ್ನೊಂದು ಸುದ್ದಿ. ಔಷಧಿಗೆ ಕಾಯುತ್ತಿದ್ದಾಗ ಗೋವಿಂದಪ್ಪನವರೇ ಸಿಕ್ಕರು. ಅವರ ಹೆಸರು ಕೂಗಿದ್ದನ್ನು ಕೇಳಿ ನಾನೇ ಹೋಗಿ ಪಕ್ಕದಲ್ಲಿ ಕೂತೆ. ಎತ್ತರದ ಆಳು, ಮಾತಿಗೆ ಇಡೀ ಕತ್ತನ್ನೇ ತಿರುಗಿಸುತ್ತಾರೆ. ಏನು ಕೆಲಸ ಅಂದರೆ, “ಹೊಲಾ ಮಗ ನೋಡ್ತಾನ. ನಾ ವಜ್ರ ಹುಡುಕ್ತೀನಿ” ಅಂದರು. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಆ ಕಡೆಯ ಕೆಂಪು ಹೊಲಗಳಲ್ಲಿ ಜನ ಬಗ್ಗಿಕೊಂಡು ವಜ್ರ ಹುಡುಕುತ್ತಾರಲ್ಲ, ಅವರಲ್ಲಿ ಇವರೂ ಒಬ್ಬರು. ನಲವತ್ತು ಮಳೆಗಾಲ ಹುಡುಕಿದ್ದಾರೆ.

“ಎಷ್ಟು ಸಿಕ್ಕಾವ್ರಿ?”

“ಒಂದೂ ಇಲ್ಲ. ಬಾಜೂಕ ಇದ್ದೋನಿಗೆ ಸಿಕ್ಕೈತಿ, ನಾ ಕಣ್ಣಾರೆ ನೋಡೀನಿ. ನನಗ ಇನ್ನಾ ಕಾಣಬೇಕಾಗೈತಿ. ಅದಕ್ಕಽ ಅಲ್ಲೇನು ಕಣ್ಣು ಮಾಡಿಸಿದ್ದು.”

ಮಾಡಿದ ಡಾಕ್ಟರ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ. ಏನು ಕಾತರವೋ, ಕೇಳದೆ ಇರಲಾಗಲಿಲ್ಲ.

“ಐತಿ, ಯಾಕಿಲ್ಲ? ದೊಡ್ಡ ಮೇಡಂ ಬಂದು ಎಲ್ಲಾ ಹೇಳ್ಯಾರ. ಆ ಹುಡುಗಿ ಮಾತ್ರ ನನ್ನ ಕಂಡ ಕೂಡ್ಲೆ ಕಂಬದ ಹಿಂದ ಹೋಗ್ತಿದ್ಲು. ಆಕಿ ತಿಳ್ಕೊಂಡಾಳ, ನನಗ ಕಾಣಂಗಿಲ್ಲ ಅಂತ. ಇನ್ನೊಂದು ಕಣ್ಣು ಐತಲ್ಲಮ್ಮಾ! ಬಂದು ಎದುರಿಗಿ ಕುಂತು ಬೈಸಿಕೊಂಡು ಹೋಗ್ಲಿ. ಪಾಡಾತು, ಅಷ್ಟಾದ್ರೂ ಮಾಡಿದ್ಲು ಅಂದ್ಕೊಂತೀನಿ.”

ಅವರು ಕ್ಷಮಿಸಿದ್ದಾರೆ ಎಂದು ನಾನು ಬರೆಯುತ್ತಿಲ್ಲ. ಕ್ಷಮಿಸಿಲ್ಲ. ನಿನ್ನ ದಾರಿ ಕಾಯುತ್ತಿದ್ದಾರೆ, ಅಷ್ಟೇ. ಪತ್ತಿಕೊಂಡದಿಂದ ಮದ್ದಿಕೇರ ದೂರವೇನಲ್ಲ. ಸೀಟು ಬಿಡುವುದು, ಉಳಿಸಿಕೊಳ್ಳುವುದು ನಿನ್ನ ಕೈಯಲ್ಲಿದೆ. ಆದರೆ ಬಿಡುವುದಾದರೂ ಅವರ ಎದುರು ಕೂತು ಬಂದ ಮೇಲೆ ಬಿಡು. ಕಂಬದ ಹಿಂದೆ ನಿಂತು ಬಿಡಬೇಡ.

ನನ್ನ ಕಣ್ಣು ಚೆನ್ನಾಗಿದೆ. ಬಲಗಣ್ಣಿನಲ್ಲಿ ಗೋಡೆಯ ಬಿಳಿ ಒಂದು ಬಗೆ, ಎಡಗಣ್ಣಿನಲ್ಲಿ ಹಳದಿಯಾದ ಇನ್ನೊಂದು ಬಗೆ. ಇಷ್ಟು ದಿನ ಯಾವುದನ್ನು ಬಿಳಿ ಅಂದುಕೊಂಡಿದ್ದೆನೋ ಎಂದು ಒಂದೊಂದೇ ಕಣ್ಣು ಮುಚ್ಚಿ ಮನೆ ತುಂಬ ನೋಡುತ್ತಾ ತಿರುಗುತ್ತಿದ್ದೇನೆ. ನಿನ್ನ ಅಪ್ಪ ನಗುತ್ತಾರೆ.

ನಿನ್ನ ಕೈಗಳು ಸ್ಥಿರವಾಗಿರಲಿ, ಏಳಬೇಕಾದಾಗ ಎದ್ದೇಳುವ ಬುದ್ಧಿಯೂ ಜೊತೆಗಿರಲಿ ಎಂದು ಹರಸುವ,

ನಿನ್ನ ಅಮ್ಮ,
ಮಹೇಶ್ವರಿ

ಮರೆತದ್ದು ಎಂದು ಬರೆಯಹೊರಟೆ. ಮರೆತದ್ದಲ್ಲ, ಮೇಲೆ ಬರೆಯಲಾಗದೇ ಹೋದದ್ದು: ಹಬ್ಬದ ದಿನ ನೀನು ಆ ಮಾತು ಹೇಳಿದಾಗ ನಾನು ಕಡಬು ಮಡಚುತ್ತಾ, ತಲೆ ಎತ್ತದೆ, “ಎಪ್ಪತ್ತೆರಡು ವರ್ಷ ಆಗ್ಯಾವಂತಿ. ಆ ಮುದುಕ ನೋಡಾದೆಲ್ಲಾ ನೋಡಿ ಮುಗಿಸಿರ್ತಾನ ಬಿಡು” ಅಂದೆ. ನಿನಗೆ ಸಮಾಧಾನವಾಗಲಿ ಎಂದು ಅಂದದ್ದು. ನೀನು ನನ್ನ ಮುಖವನ್ನೇ ನೋಡಿದೆ, ಮರುದಿನ ಮೊದಲ ಬಸ್ಸಿಗೆ ಹೊರಟುಹೋದೆ. ಓದಿನ ಆಯಾಸ ಎಂದು ನಿನ್ನ ಅಪ್ಪನಿಗೆ ನಾನೇ ಹೇಳಿದೆ. ಬೆಂಚಿನ ಮೇಲೆ ಗೋವಿಂದಪ್ಪನವರು “ನೀವು ಯಾರ ಪೈಕಿ ಬಂದೀರಮ್ಮಾ?” ಎಂದು ಕೇಳಿದಾಗ ನಾನು ನಿನ್ನ ಹೆಸರು ಹೇಳಲಿಲ್ಲ. ನಾಚಿಕೆಯಿಂದಲೇ ಹೇಳಲಿಲ್ಲ, ಗಂಗೂ. ಅದು ನಿನ್ನ ಬಗೆಗಿನ ನಾಚಿಕೆಯಾಗಿರಲಿಲ್ಲ.