ನೂಲಿನ ಹಾವಿನ ಮೂರನೆಯ ಭಾಗ

ಬೆಟಗೇರಿ
೨೨೧೭, ಹದಿಮೂರನೆಯ ತಿಂಗಳು, ಗಾಳಿಬಿಡುವಿನ ಹತ್ತನೆಯ ದಿನ

ಪಟ್ಟಿಗಳನ್ನು ಕಾಯ್ದಿಟ್ಟವರಿಗೆ,

"ಕಾಯುವವರೆಲ್ಲ ಒಂದೇ ಊರಿನವರು" ಎಂಬ ಸಾಲೊಂದು ಕೆಲವು ದಿನಗಳಿಂದ ನನ್ನ ತಲೆಯಲ್ಲಿ ಕೂತಿದೆ. ಎಲ್ಲಿ ಓದಿದೆನೋ ನೆನಪಿಲ್ಲ. ಅದರ ಮುಂದಿನ ಸಾಲೂ ನೆನಪಿಗೆ ಬರುತ್ತಿಲ್ಲ. ಸ್ನಾತಕೋತ್ತರ ತರಗತಿಯಲ್ಲಿ ಕಾವ್ಯವನ್ನೇ ಓದಿದವಳಿಗೆ ಇದು ನಾಚಿಕೆಯ ಸಂಗತಿ. ಆದರೆ ನನಗಿರುವುದು ನಾಚಿಕೆಗಿಂತ ಹೆಚ್ಚಾಗಿ ಅನುಮಾನ. ಈ ಸಾಲು ನಿಜವೇ? ನಾನೂ ಪಕ್ಕದ ಮನೆಯ ಫಕೀರಕ್ಕನೂ ಒಂದೇ ಊರಿನವರು, ಒಂದೇ ಓಣಿಯವರು, ನಮ್ಮ ನಡುವಿನ ಗೋಡೆಯೂ ಒಂದೇ. ಇಬ್ಬರೂ ಪುಸ್ತಕಕ್ಕಾಗಿಯೇ ಕಾಯುತ್ತಿದ್ದೆವು. ಈಗ ಆರು ದಿನಗಳಿಂದ ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ.

ಸುಮಾರು ಇನ್ನೂರು ವರ್ಷ ಹಿಂದಿನವರಾದ ನಿಮಗೆ ಮೇಲಿನ ತಾರೀಖು ತಪ್ಪಾಗಿ ಕಾಣಬಹುದು. ಮುಂದೆ ಬರುವ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ದೀಪಾವಳಿ ಕಳೆದ ಮೇಲೆ ಕಪ್ಪತಗುಡ್ಡದ ಗಾಳಿಯಂತ್ರಗಳು ಹನ್ನೊಂದು ದಿನ ನಿಂತುಬಿಡುತ್ತವೆ. ನಮ್ಮ ಹಿರಿಯರು ಹನ್ನೊಂದು ತಿಂಗಳುಗಳಿಂದ ಒಂದೊಂದು ದಿನ ಕಡಿದು, ಈ ದಿನಗಳನ್ನೇ ಒಂದು ತಿಂಗಳು ಮಾಡಿದರು. ಅದಕ್ಕೆ ಗಾಳಿಬಿಡುವು ಎಂದು ಹೆಸರು. ಹಿಟ್ಟಿನ ಗಿರಣಿ, ನೀರೆತ್ತುವ ಯಂತ್ರ, ಅಚ್ಚುಕೂಟ ಎಲ್ಲಕ್ಕೂ ಆಗ ರಜೆ. ಜೋಳವನ್ನು ಮೊದಲೇ ಬೀಸಿಟ್ಟುಕೊಳ್ಳುತ್ತೇವೆ, ನೀರನ್ನು ಹಂಡೆಗಳಲ್ಲಿ ತುಂಬಿಡುತ್ತೇವೆ, ಆಮೇಲೆ ಕಟ್ಟೆಯ ಮೇಲೆ ಕೂತು ಜಗಳವಾಡುತ್ತೇವೆ. ಊರಿನ ಸದ್ದೆಲ್ಲ ಅಡಗಿರುವುದರಿಂದ ಫಕೀರಕ್ಕನ ಕೈಮಗ್ಗದ ಸದ್ದು ಓಣಿಯ ತುದಿಯವರೆಗೂ ಕೇಳುತ್ತದೆ. ಸಿಟ್ಟು ಬಂದಾಗ ಅವರು ಜೋರಾಗಿ ನೇಯುತ್ತಾರೆ. ಈ ಆರು ದಿನಗಳಲ್ಲಿ ಒಂದೂವರೆ ಸೀರೆ ಮುಗಿದಿರಬೇಕು.

ಜಗಳಕ್ಕೆ ಕಾರಣ ಕಾಗದ. ಸುದ್ದಿ, ಹವಾಮಾನ, ಮದುವೆಯ ಕರೆ ಇವಕ್ಕೆಲ್ಲ ನಮ್ಮಲ್ಲಿ ನಲವತ್ತು ದಿನದ ಹಾಳೆಗಳಿವೆ. ಅವುಗಳ ಮೇಲೆ ಅಕ್ಷರ ಬೆಳಕಿನಿಂದ ಮೂಡಿ, ನಲವತ್ತನೆಯ ದಿನ ತಾನಾಗಿ ಅಳಿಸಿಹೋಗುತ್ತದೆ. ಉಳಿಯಬೇಕಾದ ಬರಹ ಕಾಗದದ ಮೇಲೆಯೇ ಬರಬೇಕು, ಕಾಗದ ಹತ್ತಿಯ ಕಟ್ಟಿಗೆಯಿಂದ ಬರಬೇಕು. ಶಾಲೆಯ ಪಾಠ, ಪಂಚಾಂಗ, ಔಷಧದ ಕೈಪಿಡಿ ಅಚ್ಚಾದ ಮೇಲೆ ಉಳಿಯುವ ಕಾಗದದಲ್ಲಿ ವರ್ಷಕ್ಕೊಂದು ದೊಡ್ಡ ಕತೆಪುಸ್ತಕವಷ್ಟೇ ಆಗುತ್ತದೆ. ಬೇರೆ ಬೇರೆ ಊರುಗಳಿಂದ ಬಂದ ಹಸ್ತಪ್ರತಿಗಳಲ್ಲಿ ಯಾವುದು ಅಚ್ಚಾಗಬೇಕೆಂದು ಓದುಗರೇ ಸೇರಿ ತೀರ್ಮಾನಿಸುವ ಸಭೆಗೆ ಎದುರುನೋಟ ಎನ್ನುತ್ತೇವೆ. ಹಸ್ತಪ್ರತಿಯನ್ನು ಯಾರೂ ಬಿಚ್ಚುವಂತಿಲ್ಲ. ಬರೆದವರೇ ಕಳಿಸಿದ ಹತ್ತು ಸಾಲಿನ ಸುಳಿವನ್ನು ಓದಬಹುದು, ಅಷ್ಟೆ. ಉಳಿದದ್ದನ್ನು ಊಹಿಸಿ, ವಾದಿಸಿ, ತಮಗೆ ಬೇಕಾದ ಪುಸ್ತಕದ ಮಡಕೆಗೆ ಒಂದು ಹತ್ತಿಬೀಜ ಹಾಕಬೇಕು. ಆ ಸಭೆಯನ್ನು ಒಂಬತ್ತು ವರ್ಷಗಳಿಂದ ನಾನು ನಡೆಸುತ್ತಿದ್ದೇನೆ.

ಈ ವರ್ಷ ಕೊನೆಗೆ ಉಳಿದದ್ದು ಎರಡು ಪುಸ್ತಕ. ಒಂದು 'ನೂಲಿನ ಹಾವು' ಎಂಬ ಮಾಯಾಕತೆಯ ಮೂರನೆಯ ಭಾಗ. ಸೀರೆಯ ಅಂಚಿನಲ್ಲಿ ನೇಯ್ದ ಹಾವೊಂದು ಜೀವತಳೆದು, ತನ್ನನ್ನು ನೇಯ್ದವಳನ್ನು ಹುಡುಕಿಕೊಂಡು ಹೋಗುವ ಕತೆ ಅದು. ಎರಡನೆಯ ಭಾಗದ ಕೊನೆಯಲ್ಲಿ ಹಾವು ಅವಳ ಮನೆಯ ಹೊಸ್ತಿಲಿನ ಮೇಲೆ ನಿಂತಿತ್ತು. ಹತ್ತೊಂಬತ್ತು ವರ್ಷ ಅಲ್ಲೇ ನಿಂತಿತ್ತು. ಬರೆದವರು ಈಗ ಮುಗಿಸಿ ಕಳಿಸಿದ್ದಾರೆ. ಇನ್ನೊಂದು 'ಗಾಳಿ ನಿಂತ ಮೇಲೆ'. ನೀವು ವೈಜ್ಞಾನಿಕ ಕತೆ ಎನ್ನುತ್ತಿದ್ದುದಕ್ಕೆ ನಾವು ನಾಳೆಕತೆ ಎನ್ನುತ್ತೇವೆ; ಇದು ಅಂಥದ್ದು. ಬರೆದವಳು ನರೇಗಲ್ಲಿನ ಸೇವಂತಿ, ಇಪ್ಪತ್ತಮೂರು ವರ್ಷದವಳು, ಇದು ಅವಳ ಮೊದಲ ಪುಸ್ತಕ.

ಎರಡು ತಿಂಗಳ ಹಿಂದೆ ಫಕೀರಕ್ಕ ಹಿತ್ತಲಿನ ಗೋಡೆಯ ಆಚೆಯಿಂದ ನನಗೊಂದು ವಿಷಯ ಹೇಳಿದ್ದರು. ಅವರ ಕಣ್ಣು ಹೋಗುತ್ತಿದೆ. ಓದುವಷ್ಟು ದೃಷ್ಟಿ ಇನ್ನೊಂದು ವರ್ಷ ಇದ್ದರೆ ಹೆಚ್ಚು ಎಂದು ವೈದ್ಯರು ಹೇಳಿದ್ದಾರಂತೆ. ನೇಯ್ಗೆಗೆ ತೊಂದರೆಯಿಲ್ಲ, ಎಳೆ ಕಡಿದರೆ ಬೆರಳಿಗೇ ಗೊತ್ತಾಗುತ್ತದೆ. ಅಕ್ಷರ ಹಾಗಲ್ಲ. ಗಾಳಿ ಮರಳಿದ ಮೇಲೆ ಒಂದು ಪುಸ್ತಕ ಅಚ್ಚಾಗಲು ನಾಲ್ಕು ತಿಂಗಳು ಬೇಕು. ಈ ವರ್ಷ ಆರಿಸಿದ ಪುಸ್ತಕವನ್ನು ಅವರು ಓದಬಲ್ಲರು, ಮುಂದಿನ ವರ್ಷದ್ದನ್ನಲ್ಲ. ಸಭೆಗೆ ಇದನ್ನು ತಿಳಿಸಲೇ ಎಂದು ಕೇಳಿದ್ದೆ. "ಹುಚ್ಚಿ ಏನ ನೀ? ಕಣ್ಣ ತೋರಿಸಿ ಪುಸ್ತಕ ಬೇಡೂದು ಬ್ಯಾಡ. ಹಾವು ತನ್ನ ಬಲದ ಮ್ಯಾಲ ಗೆಲ್ಲಲಿ" ಎಂದಿದ್ದರು.

ಸಭೆ ಈ ಸಲವೂ ಎಂದಿನಂತೆ ಗದ್ದಲದಿಂದ ನಡೆಯಿತು. ಗಾಳಿಯಂತ್ರ ರಿಪೇರಿ ಮಾಡುವ ಹುಸೇನಪ್ಪ ನಾಳೆಕತೆಯ ಪರವಾಗಿ ಎದ್ದು ನಿಂತ. "ಹತ್ತೊಂಬತ್ತು ವರ್ಷ ಹೊಸ್ತಿಲ ಮ್ಯಾಲ ನಿಂತ ಹಾವು, ಇನ್ನೊಂದ್ ವರ್ಷ ನಿಂತ್ರ ಅದರ ಕಾಲೇನ್ ನೋಯ್ತಾವೇನ್ರಿ?" ಎಂದ. ಜನ ನಕ್ಕರು. ಫಕೀರಕ್ಕ ಕೂತಲ್ಲಿಂದಲೇ ತಿರುಗಿ, "ಗಾಳಿ ನಿಂತ್ರ ಏನಾಕ್ಕೈತಿ ಅಂತ ಪುಸ್ತಕ ಓದಿ ತಿಳ್ಕೊಬೇಕೇನೋ ನೀ? ಹೊರಗ ಹೋಗಿ ನೋಡು. ನಿಂತೈತಿ. ನೀನೂ ಕೆಲಸ ಇಲ್ಲದ ಇಲ್ಲಿ ಬಂದು ಕುಂತೀ" ಎಂದರು. ಇನ್ನೂ ಹೆಚ್ಚು ನಕ್ಕರು. ಹಾವು ನೇಯ್ದವಳನ್ನು ಕಚ್ಚುತ್ತದೋ ಅವಳ ಮಡಿಲಲ್ಲಿ ಮಲಗುತ್ತದೋ ಎಂಬುದರ ಮೇಲೆಯೇ ಒಂದು ಮಧ್ಯಾಹ್ನ ಕಳೆಯಿತು. ಯಾರೂ ಓದದ ಪುಸ್ತಕದ ಬಗ್ಗೆ ಎಲ್ಲರಿಗೂ ಎಲ್ಲವೂ ಗೊತ್ತಿತ್ತು.

ಬೀಜ ಎಣಿಸಿದಾಗ ಎರಡೂ ಮಡಕೆಗಳಲ್ಲಿ ನಲವತ್ತೊಂದು. ಸಮವಾದರೆ ಸಭೆ ನಡೆಸುವವರು ಎಲ್ಲರೆದುರು ಕೊನೆಯ ಬೀಜ ಹಾಕಬೇಕು. ನಾನದನ್ನು ಸೇವಂತಿಯ ಮಡಕೆಗೆ ಹಾಕಿದೆ.

ಹಾಗೆ ಮಾಡಿದ್ದಕ್ಕೆ ಕಾರಣ ನೀವು. ಈ ಪತ್ರ ನಿಮಗೆ ಬರೆಯುತ್ತಿರುವುದೂ ಅದಕ್ಕೇ. ಮೂರು ವರ್ಷಗಳ ಹಿಂದೆ ನಮ್ಮ ಓಣಿಯ ಹಳೆಯ ಮನೆಯೊಂದನ್ನು ಕೆಡವುವಾಗ ತುಕ್ಕು ಹಿಡಿದ ಕಬ್ಬಿಣದ ಅಲಮಾರಿ ಸಿಕ್ಕಿತು. ಒಳಗೆ ಬಟ್ಟೆಯಲ್ಲಿ ಸುತ್ತಿದ ಇನ್ನೂರ ಹನ್ನೆರಡು ಹಾಳೆಗಳು. ನಿಮ್ಮ ಕಾಲದ ಓದುಗರು ಮುಂದಿನ ವರ್ಷ ಬರಲಿರುವ ಮಾಯಾಕತೆ, ನಾಳೆಕತೆಗಳ ಪಟ್ಟಿ ಮಾಡಿ, ಕಂಪ್ಯೂಟರಿನಲ್ಲಿ ಚರ್ಚಿಸಿದ್ದನ್ನು ನೀವು ಯಾರೋ ಮುದ್ರಿಸಿ ಇಟ್ಟಿದ್ದೀರಿ. ಆ ಪುಸ್ತಕಗಳಲ್ಲಿ ಆರು ಮಾತ್ರ ನಮ್ಮವರೆಗೆ ಬಂದಿವೆ. ನೀವು ಯಾವುದಕ್ಕೆ ಕಾದಿರಿ ಎಂದು ಗೊತ್ತು, ನಿಮಗೆ ಏನು ಸಿಕ್ಕಿತು ಎಂದು ಗೊತ್ತಿಲ್ಲ. ಹಸಿರುಛತ್ರಿ ಎಂಬ ಹೆಸರಿಟ್ಟುಕೊಂಡ ಓದುಗರೊಬ್ಬರು ಒಂದು ಮಾಯಾಕತೆಯ ಬಗ್ಗೆ ನಾಲ್ಕು ವರ್ಷದ ಪಟ್ಟಿಗಳಲ್ಲೂ "ಐದನೇ ಭಾಗ ಈ ವರ್ಷ ಗ್ಯಾರಂಟಿ ಬರುತ್ತೆ, ಬೇಕಾದ್ರೆ ಬರೆದಿಟ್ಕೊಳ್ಳಿ" ಎಂದಿದ್ದಾರೆ. ಐದನೆಯ ವರ್ಷದ ಹಾಳೆಯಲ್ಲಿ ಅವರ ಹೆಸರಿಲ್ಲ. ಪುಸ್ತಕ ಬಂದು ತೃಪ್ತರಾದರೋ, ಬೇಸತ್ತರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆ ಹಾಳೆಗಳಲ್ಲಿ ಪ್ರತಿ ವರ್ಷವೂ ಮೇಲೆ ಇರುತ್ತಿದ್ದದ್ದು ಹಳೆಯ ಕತೆಗಳ ಮುಂದಿನ ಭಾಗಗಳೇ. ಕೆಳಗೆ, ಯಾರೂ ಒಂದು ಮಾತೂ ಆಡದ ಹೊಸಬರ ಹೆಸರುಗಳು. ಒಮ್ಮೆ ಮಾತ್ರ ಬಂದು ಮತ್ತೆಂದೂ ಬಾರದ ಅಂಥ ಹೆಸರುಗಳನ್ನು ಎಣಿಸಿದ್ದೆ, ಮೂವತ್ತೇಳು. ಕೈಯಲ್ಲಿ ಬೀಜ ಹಿಡಿದು ನಿಂತಾಗ ನನಗೆ ನೆನಪಾದದ್ದು ಆ ಮೂವತ್ತೇಳು. ಹಾವಿಗೆ ಕಾಯುವವರು ಮುಂದಿನ ವರ್ಷವೂ ಇರುತ್ತಾರೆ, ಸೇವಂತಿಗೆ ಇರುವುದಿಲ್ಲ ಎಂದುಕೊಂಡೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಲೆಕ್ಕದಲ್ಲಿ ಫಕೀರಕ್ಕನ ಕಣ್ಣು ಇರಲಿಲ್ಲ, ಅದು ಇಲ್ಲವೆಂದು ನನಗೆ ಗೊತ್ತೂ ಇತ್ತು. ಸಭೆ ಮುಗಿದ ಮೇಲೆ ಅವರು ನನ್ನನ್ನು ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ನಾನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಪಕ್ಕದಿಂದ ಹಾದುಹೋದರು.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಪಟ್ಟಿ ಮಾಡಿ, ಕಾಯಿರಿ, ಜಗಳವಾಡಿ. ಆದರೆ ಪುಸ್ತಕ ಬಂದ ಮೇಲೆ ಅದೇ ಪಟ್ಟಿಯ ಕೆಳಗೆ ಒಂದು ಸಾಲು ಬರೆಯಿರಿ: ಬಂತು, ಓದಿದೆ, ಹೀಗಿತ್ತು. ಬಾರದಿದ್ದರೆ ಬರಲಿಲ್ಲ ಎಂದಾದರೂ ಬರೆಯಿರಿ. ಜೊತೆಗೆ, ವರ್ಷಕ್ಕೆ ಒಬ್ಬರಾದರೂ ಗುರುತಿಲ್ಲದ ಹೆಸರಿನವರ ಪುಸ್ತಕವನ್ನು ತೆರೆದು ನೋಡಿ. ಈ ಪತ್ರವನ್ನು ಅದೇ ಅಲಮಾರಿಯ ಕೆಳಗಿನ ಖಾನೆಯಲ್ಲಿ ಇಡುತ್ತೇನೆ. ಅಲ್ಲಿಂದ ಹಿಂದಕ್ಕೆ ದಾರಿಯಿಲ್ಲವೆಂದು ನನಗೂ ತಿಳಿದಿದೆ. ಆದರೂ ಪತ್ರಕ್ಕೆ ಇಡಲೊಂದು ಜಾಗ ಬೇಕಲ್ಲ.

ಇಲ್ಲಿಗೆ ಸಹಿ ಮಾಡಬೇಕೆಂದಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಮಗ್ಗ ನಿಂತಿತು, ನಮ್ಮ ಬಾಗಿಲ ಚಿಲಕದ ಸದ್ದಾಯಿತು. ಫಕೀರಕ್ಕ. ಕಳೆದ ತಿಂಗಳು ಒಯ್ದಿದ್ದ ನಮ್ಮ ಬೋಗುಣಿಯನ್ನು ಮರಳಿಸಲು ಬಂದಿದ್ದರು. ಖಾಲಿ ತಂದಿರಲಿಲ್ಲ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ತುಂಬಿತ್ತು. ಒಳಗೆ ಬನ್ನಿ ಎಂದೆ. ಬರಲಿಲ್ಲ. ಹೊಸ್ತಿಲಿನ ಆಚೆಯೇ ನಿಂತು, ನನ್ನ ಮುಖ ಇರುವ ಕಡೆಗೆ ಸ್ವಲ್ಪ ಅಂದಾಜಿನಿಂದ ನೋಡುತ್ತ ಹೇಳಿದರು:

"ಆ ಹುಡುಗಿ ಪುಸ್ತಕ ಅಚ್ಚಾತಂದ್ರ ಮೊದಲನೇ ಪ್ರತಿ ನನಗ ಕೊಡು, ತಂಗಿ. ನನ್ನ ಹಾವಿನಕಿಂತ ಹೆಚ್ಚಿಂದು ಅದರಾಗ ಏನೈತಿ ಅಂತ ನಾನ ಓದಿ ನೋಡಾಕಬೇಕು. ಉಳದ ಕಣ್ಣು ಅದಕ್ಕ ಹೋಗ್ಲಿ. ಮೂರನೇ ಭಾಗ ಮುಂದಿನ ವರ್ಷ ನೀನ ಓದಿ ಹೇಳು. ಒಂದ ಹಾಳಿ ಹಾರಿಸಿದ್ರೂ ನನಗ ಗೊತ್ತಾಕ್ಕೈತಿ ಮತ್ತ. ಅದರಾಗ ಏನೇನ್ ಬರಬೇಕಂತ ಹತ್ತೊಂಬತ್ತು ವರ್ಷದಿಂದ ಇಲ್ಲಿ ನೇಯ್ಕೊಂತ ಕುಂತೀನಿ."