ಖಾಲಿ ಬಿಟ್ಟ ಸಹಿಯ ಜಾಗ

ಮಕ್ಕಳ ವಾರ್ಡು
ಶುಕ್ರವಾರ, ರಾತ್ರಿ ಎರಡೂವರೆ

ಪ್ರೀತಿಯ ಅಪ್ಪ,

ಎರಡು ಹತ್ತಕ್ಕೆ ಡ್ರಿಪ್ಪಿನ ಯಂತ್ರ ಕಿರುಚಿತು. ದಡಬಡಿಸಿ ಎದ್ದೆ. ಮಗುವಿನ ಮೊಣಕೈ ಕೆಳಗೆ ಕೊಳವೆ ಮಡಚಿಕೊಂಡಿತ್ತು, ಅಷ್ಟೇ. ಬಿಡಿಸಿ ನೆಟ್ಟಗೆ ಮಾಡಿ, ಈ ಕಾಗದ ಹಿಡಿದು ಕೂತೆ. ಅಮ್ಮನನ್ನು ಮಣ್ಣು ಮಾಡಿದ ಮೇಲೆ ಮೂರು ವರ್ಷ ನಿಮಗೆ ಒಂದು ಸಾಲೂ ಬರೆಯಲಿಲ್ಲ. ಕ್ಷಮಿಸಿ. ಮಾತ್ರೆ ಮರೆಯದೆ ತಗೋತಿದ್ದೀರಾ?

ನೀವು ಕಾಣದ ಮೊಮ್ಮಗಳಿಗೆ ಏಳು ತಿಂಗಳು. ಹುಬ್ಬು ಗಂಟಿಕ್ಕಿದರೆ ಥೇಟ್ ಚರ್ಚಿನಲ್ಲಿ ಪ್ರಸಂಗಕ್ಕೆ ನಿಂತ ನೀವೇ. ಹೃದಯದಲ್ಲಿ ತೂತಿದೆ. "ಆಪರೇಷನ್ ಮಾಡಿದರೆ ಉಳಿಯೋದು ಅರ್ಧಕ್ಕರ್ಧ, ಬಿಟ್ಟರೆ ಒಂದು ವರ್ಷ ಇರಬಹುದು" ಎಂದರು ಡಾಕ್ಟರು. ಆರೂವರೆಯೊಳಗೆ ಫಾರಂಗೆ ಸಹಿ ಬೇಕು. ನಿಮ್ಮ ಅಳಿಯ "ನೀನು ಹೇಗಂದ್ರೆ ಹಾಗೆ" ಎಂದು ಬೆಂಚಿನ ಮೇಲೆ ಮುದುಡಿ ಮಲಗಿದ್ದಾರೆ.

ಹುಟ್ಟುವ ಮೊದಲೇ ದೇವರು ನಮ್ಮ ದಿನಗಳನ್ನು ನೇಮಿಸಿದ್ದಾನೆ ಎನ್ನುತ್ತಿದ್ದಿರಿ ನೀವು. ಹಾಗಾದರೆ ಈ ಫಾರಂ ಯಾಕಪ್ಪ? ಅವನು ನೇಮಿಸಿದ್ದರೆ ನಾನು ಬರೀ ಪೆನ್ನು. ನೇಮಿಸಿಲ್ಲದಿದ್ದರೆ, ಮಗು ಹೋದರೆ ಕಳೆದುಹಾಕಿದವಳು ನಾನೇ. ಎರಡನ್ನೂ ನುಂಗಲಾರೆ.

ಅಡುಗೆಗೆ ಉಪ್ಪು ಜಾಸ್ತಿಯಾದಾಗ ಅಮ್ಮ, "ದೇವರ ಚಿತ್ತ ಕಣ್ರೀ, ಸುಮ್ನೆ ಊಟ ಮಾಡಿ" ಅನ್ನುತ್ತಿದ್ದಳು. ನೀವು ನಗುತ್ತಾ, "ಚಿತ್ತ ಅವನದು, ಚಮಚ ಹಿಡಿದ ಕೈ ನಿಂದೇ" ಅನ್ನುತ್ತಿದ್ದಿರಿ. ಆ ಮಾತು ಇವತ್ತು ನಗು ತರಿಸುತ್ತಿಲ್ಲ.

ಈ ಕಾಗದವನ್ನು ನಿಮ್ಮ ಬೀದಿಯ ನರ್ಸಮ್ಮ ನಾಲ್ಕಕ್ಕೆ ಪಾಳಿ ಮುಗಿಸಿ ಬಾಗಿಲ ಸಂದಿಯಲ್ಲಿ ತಳ್ಳುತ್ತಾರೆ. ಫೋನಿನಲ್ಲಿ ನಿಮ್ಮ ನಂಬರ್ ಇದೆ, ಒತ್ತಲು ಮುಖವಿಲ್ಲ. ಕರ್ತನು ನಿಮ್ಮನ್ನು ಕಾಯಲಿ.

ನಿಮ್ಮ ಕೂಸು

ತಾ.ಕ.: ಮುಖ ಯಾಕಿಲ್ಲ ಗೊತ್ತೇ? ಮಣ್ಣಿನ ದಿನವಷ್ಟೇ ಬಂದು ಮುಟ್ಟಿದ ನಾನು, "ಆಪರೇಷನ್ನಿಗೆ ನೀವೊಂದು ಸಹಿ ಹಾಕಿದ್ದರೆ ಅಮ್ಮ ಉಳೀತಿದ್ದಳು" ಎಂದು ಸಮಾಧಿಯ ಮುಂದೆ ಎಲ್ಲರ ಎದುರು ಕೂಗಿದೆ. ದೇವರ ಚಿತ್ತ ಎಂದಷ್ಟೇ ಹೇಳಿ ತಲೆ ತಗ್ಗಿಸಿದಿರಿ. ಈಗ ನರ್ಸಮ್ಮ ಹೇಳಿದರು: "ಆವತ್ತು ರಾತ್ರಿ ನಿಮ್ಮಪ್ಪ ಬೆಳಗಿನವರೆಗೂ ಇದೇ ಆಸ್ಪತ್ರೆ ಬೆಂಚಲ್ಲಿ ಪೆನ್ನು ಹಿಡ್ಕೊಂಡು ಕೂತಿದ್ರಮ್ಮ. ಸಹಿ ಹಾಕುವಾಗ ಪೆನ್ನು ಒತ್ತಿ ಕಾಗದ ಹರೀತು. ಇನ್ನೊಂದು ಫಾರಂ ತಂದ್ಕೊಟ್ಟಿದ್ದು ನಾನೇ. ಆಪರೇಷನ್ ಮೇಜಿನ ಮೇಲೇ ಹೋಗ್ಬಿಟ್ರು ನಿಮ್ಮಮ್ಮ."

ಎರಡು ಸಲ ಹಾಕಿದ ಆ ಸಹಿಯನ್ನು ಒಬ್ಬರೇ ಹೇಗೆ ಹೊತ್ತಿರಪ್ಪ? ಹಾಕು ಅನ್ನಬೇಡಿ, ಬೇಡ ಅಂತಲೂ ಅನ್ನಬೇಡಿ. ನಾನು ಫಾರಂನಲ್ಲಿ ಬರೆಯುವಾಗ ಫೋನಿನ ಆ ಕಡೆ ನಿಮ್ಮ ಉಸಿರು ಕೇಳಿಸಿದರೆ ಸಾಕು. ಫೋನ್ ಮಾಡಿ ಅಪ್ಪ. ಬೆಳಗಾಗುವುದರೊಳಗೆ ಮಾಡಿ.